ಹಂಚಿನ ಕಾರ್ಖಾನೆಯ ಚಿಮಣಿ ಮತ್ತು ನಮ್ಮನೆಯವರು

ಆ ದಿನ ಬೆಳಿಗ್ಗೆ ನಮ್ಮನೆಯವರು ಜಗುಲಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದರು. ನಾನು ಮೀನು ಮಾರಿ ಬಂದು ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದೆ. ನಮ್ಮಿಬ್ಬರಲ್ಲಿ ಮೊದಲಿಂದಲೂ ಮಾತು ಕಡಿಮೆ, ಜಗಳ ಜಾಸ್ತಿ. ಆ ದಿನದ ಜಗಳ ಮೊಬೈಲಿನದು.

ಮಗಳು ಸುಷ್ಮಾ ಕೊಡಿಸಿದ ಫೋನನ್ನು ಅವರು ದೋಣಿಗೆ ಒಯ್ಯುತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಒಂದು ಫೋನು ನೀರು ಕುಡಿದು ಸತ್ತಿತ್ತು. ಹೊಸದನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಗೋಡೆಯ ಮೊಳೆಗೆ ನೇತುಹಾಕಿದ್ದರು. ಫೋನು ಅಲ್ಲೇ ಇರುತ್ತಿತ್ತು.

“ತಕಂಡು ಹೋಗಿ. ಕೊಟ್ಟೆ ಬಾಯಿ ಗಟ್ಟಿ ಕಟ್ಟಿ ಕೊಡ್ತೆ” ಎಂದೆ.

“ಸಮುದ್ರದಲ್ಲಿ ನಂಗೆ ಯಾರು ಫೋನ್ ಮಾಡೂದು? ಬಂಗಡೆಯಾ?”

“ನಾ ಮಾಡ್ತೆ.”

“ನೀ ಮಾಡ್ತೆ ಅಂತ್ಲೇ ಬಿಟ್ಟು ಹೋಗೂದು ಮಾರಾಯ್ತಿ.”

ಮಧ್ಯಾಹ್ನ ಬೇಗ ಉಂಡರು. ಸಂಜೆಯೊಳಗೆ ಬಲೆ ಬಿಟ್ಟು, ಸಮುದ್ರದಲ್ಲೇ ಇದ್ದು, ಬೆಳಿಗ್ಗೆ ಬರುವುದು ಅವರ ಕ್ರಮ. ಯಾವತ್ತೂ ಜೊತೆಗೆ ಹೋಗುವ ಮಾದೇವ ಭಾವನಿಗೆ ಜ್ವರ ಬಂದಿತ್ತು. ಭಾವ ಅಂದರೆ ಸಂಬಂಧದಲ್ಲಿ ಏನೂ ಅಲ್ಲ. ಒಂದೇ ಕೇರಿ, ಒಂದೇ ದೋಣಿ, ಹಿಂದೆ ಒಂದೇ ಕಾರ್ಖಾನೆ. ಅವನಿಲ್ಲದೆ ಇವರೊಬ್ಬರೇ ಹೊರಟರು. ಅದೂ ಹೊಸತಲ್ಲ.

ಬಾಗಿಲಲ್ಲಿ ನಿಂತು ಹೇಳಿದ ಮಾತು ಇಷ್ಟೇ. “ನಾಳೆ ಸಾರಿಗೆ ಹುಳಿ ಸ್ವಲ್ಪ ಕಡ್ಮೆ ಹಾಕು. ಹಲ್ಲು ಜುಂ ಅಂತದೆ.”

ನಾನು “ಆತು” ಎಂದೆ.

*

ಅವರ ಹೆಸರು ಈರ. ಬಾಯಿಂದ ಹೇಳಿದವಳಲ್ಲ, ಬರೆಯಬಹುದು ಎಂದು ಮಗಳು ಹೇಳಿದ್ದಾಳೆ.

ಹೊನ್ನಾವರದಲ್ಲಿ ಶರಾವತಿಯ ದಂಡೆಯ ಮೇಲೆ ಒಂದು ಹಂಚಿನ ಕಾರ್ಖಾನೆ ಇತ್ತು. ಈಗಿನವರು ಬಲ್ಲದ್ದು ಅದರ ಚಿಮಣಿಯೊಂದನ್ನೇ. ನಮಗೆ ಹಾಗಲ್ಲ. ಗೇಟಿನ ಎರಡು ಕಲ್ಲುಕಂಬ ನಮಗೆ ಗೊತ್ತು. ಪಾಳಿ ಬದಲಾಗುವಾಗ ಹೊಡೆಯುತ್ತಿದ್ದ ಗಂಟೆ ಗೊತ್ತು, ಅದನ್ನು ಕೇಳಿಯೇ ಊರು ಅಕ್ಕಿ ಒಲೆಗೆ ಇಡುತ್ತಿತ್ತು. ಮಣ್ಣು ತೆಗೆದು ತೆಗೆದು ಆದ ಹೊಂಡ ಗೊತ್ತು. ಹಾಯಿಯ ಮಚವೆಗಳು ಬಂದು ಮುಂಬಯಿಗೆ ಹಂಚು ಹೇರಿಕೊಂಡು ಹೋಗುತ್ತಿದ್ದ ಧಕ್ಕೆ, ಹೊಳೆಯಂಚಿನ ಕಟ್ಟೆ, ಇತ್ತು. ನಾನು ಸೇರುವ ಹೊತ್ತಿಗೆ ಮಚವೆ ನಿಂತು ಲಾರಿ ಬಂದಿತ್ತು. ಧಕ್ಕೆಗೆ ದೋಣಿಗಳು ಬರತೊಡಗಿದ್ದವು.

ನನ್ನ ತವರು ಭಟ್ಕಳದ ಹತ್ತಿರ ಹೆಬಳೆ. ನಾಲ್ಕನೇ ಕ್ಲಾಸು ಬಿಟ್ಟು ಕೆಲವು ವರ್ಷ ಮನೆಯಲ್ಲಿದ್ದೆ. ಆಮೇಲೆ ಹೊನ್ನಾವರದ ಚಿಕ್ಕಮ್ಮನ ಮನೆಗೆ ಕಳಿಸಿದರು, ಹಂಚು ಹೊರಲು. ಹೆಂಗಸರ ಕೆಲಸ ಹಸಿ ಹಂಚನ್ನು ಹಲಗೆಯ ಮೇಲಿಟ್ಟು ಒಣಗುವ ಅಟ್ಟಕ್ಕೆ ಹೊರುವುದು. ಗಂಡಸರ ಕೆಲಸ ಒಣಗಿದ್ದನ್ನು ಭಟ್ಟಿಯಲ್ಲಿ ಜೋಡಿಸಿ ಬೆಂಕಿ ಕೊಡುವುದು. ಇವರು ಭಟ್ಟಿಯಲ್ಲಿದ್ದರು. ಹುಬ್ಬು ಯಾವಾಗಲೂ ಸುಟ್ಟಿರುತ್ತಿತ್ತು.

ಒಂದು ದಿನ ನಾನು ತಲೆಯ ಮೇಲಿನ ಹಲಗೆ ಬೀಳಿಸಿದೆ. ಹಂಚೆಲ್ಲ ಮುದ್ದೆಯಾಯಿತು. ಮೇಸ್ತ್ರಿ ಬೈಯುತ್ತ ಬಂದ. ಇವರು ಎಲ್ಲಿದ್ದರೋ, ನಡುವೆ ಬಂದು “ನಾ ತಾಗಿದ್ದು, ಅವಳಲ್ಲ” ಎಂದರು. ಮೇಸ್ತ್ರಿ ಇವರಿಗೇ ಬೈದ. ಮದುವೆಯಾದ ಮೇಲೆ ಕೇಳಿದೆ, ನೀವು ಹತ್ತಿರವೇ ಇರಲಿಲ್ಲ, ಯಾಕೆ ಸುಳ್ಳು ಹೇಳಿದಿರಿ ಎಂದು.

“ಸುಳ್ಳು ಎಂತ ಬಂತು? ತಾಗೂಕೇ ಬತ್ತಾ ಇದ್ದೆ. ಅಷ್ಟ್ರಲ್ಲಿ ನೀನೇ ಬೀಳ್ಸಿದೆ.”

ಅವರು ಹಾಗೇ.

ಒಂದು ಮಳೆಗಾಲದಲ್ಲಿ ಸಿಡಿಲು ಹೊಡೆದು ಚಿಮಣಿಯ ತುದಿಯ ಇಟ್ಟಿಗೆ ಹಾರಿತು. ಗಾರೆ ಮಾಡುವವನ ಜೊತೆ ಮೇಲೆ ಹತ್ತಲು ಒಬ್ಬರು ಬೇಕಾಗಿತ್ತು. ಎಲ್ಲರೂ ಹಿಂದೆ ಸರಿದರು. ಇವರು ಹೋದರು. ಹೊರಗಿನ ಕಬ್ಬಿಣದ ಮೆಟ್ಟಿಲು ಹಿಡಿದು ತುದಿಯವರೆಗೆ ಹತ್ತಿದರು. ಕೆಳಗೆ ನಿಂತ ನಾನು ಕಣ್ಣು ಮುಚ್ಚಿಕೊಂಡೆ. ಇಳಿದು ಬಂದವರು ಇಟ್ಟಿಗೆಯ ಮಾತು ಆಡಲಿಲ್ಲ. ಅಳಿವೆಯ ಮಾತು ಆಡಿದರು.

ಅಳಿವೆ ಅಂದರೆ ಹೊಳೆ ಸಮುದ್ರ ಸೇರುವ ಬಾಯಿ. ಅದರ ಅಡಿಯಲ್ಲಿ ಮರಳು. ಆ ಮರಳು ಒಂದು ಕಡೆ ನಿಲ್ಲುವುದಿಲ್ಲ, ಪ್ರತಿ ಮಳೆಗಾಲಕ್ಕೂ ಮಗ್ಗುಲು ಬದಲಿಸುತ್ತದೆ. ಆಳದ ನೀರು ಒಂದು ಪಟ್ಟಿ ಮಾತ್ರ. ಪಟ್ಟಿ ತಪ್ಪಿದರೆ ದೋಣಿ ಮರಳಿಗೆ ಕೂರುತ್ತದೆ, ಹಿಂದಿನ ತೆರೆ ಬಂದು ಮಗುಚುತ್ತದೆ. ಆ ಪಟ್ಟಿ ಹಸಿರಾಗಿ ಹಾವಿನಂತೆ ಬಿದ್ದದ್ದನ್ನು ಇವರು ಚಿಮಣಿಯ ಮೇಲಿಂದ ಕಂಡಿದ್ದರು.

“ಅಳಿವೆನ ಮೇಲಿಂದ ನೋಡಿದವ ಈ ಊರಲ್ಲಿ ನಾನೊಬ್ನೇ” ಎಂದು ಸಾಯುವವರೆಗೂ ಹೇಳುತ್ತಿದ್ದರು. ಗಾರೆಯವನೂ ನೋಡಿದ್ದ. ಅವನ ಲೆಕ್ಕ ಇವರಿಗೆ ಬೇಡ.

ಕಾರ್ಖಾನೆ ಮುಚ್ಚಿತು. ಜನ ಸ್ಲ್ಯಾಬು ಹಾಕತೊಡಗಿದರು, ಹಂಚು ಯಾರಿಗೂ ಬೇಡವಾಯಿತು. ಗಂಟೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೊಂಡದಲ್ಲಿ ಕೆಸುವು ಬೆಳೆಯಿತು. ಇವರು ಅಪ್ಪನ ದೋಣಿಗೆ ಮರಳಿದರು. ಚಿಮಣಿ ಮಾತ್ರ ನಿಂತಿತ್ತು. ಹೊಗೆ ಇಲ್ಲದಿದ್ದರೂ ಅದಕ್ಕೆ ಕೆಲಸ ತಪ್ಪಲಿಲ್ಲ. ದೋಣಿಯವರಿಗೆ ಅದು ಗುರ್ತು.

ಗುರ್ತು ಹೀಗೆ. ಊರಿನ ಹಿಂದೆ ಪೂರ್ವಕ್ಕೆ ಗುಡ್ಡದ ಸಾಲು, ಅದರಲ್ಲಿ ಒಂದು ಕಡೆ ತಗ್ಗು. ಸಮುದ್ರದಿಂದ ಬರುವಾಗ ಚಿಮಣಿ ಆ ತಗ್ಗಿನಲ್ಲಿ ಬಂದು ಕೂರುವಂತೆ ದೋಣಿ ತಿರುಗಿಸಿ ನೇರ ಹೊಡೆದರೆ ಅಡಿಗೆ ನೀರು ಸಿಗುತ್ತದೆ. ಮರಳು ಸರಿದ ವರ್ಷ ತಗ್ಗಿನ ಎಡ ಅಂಚು, ಇನ್ನೊಂದು ವರ್ಷ ಬಲ ಅಂಚು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟ ಮೇಲೆ ಇವರು ಉದ್ದದ ಬಿದಿರ ಗಳ ಹಿಡಿದು ಮೊದಲು ಹೋಗುತ್ತಿದ್ದರು. ನೀರಿಗೆ ಗಳ ಚುಚ್ಚುತ್ತ ಪಟ್ಟಿ ಹುಡುಕಿ, ತಿರುಗಿ ಬಂದು ಧಕ್ಕೆಯಲ್ಲಿ ನಿಂತು ಕೂಗುತ್ತಿದ್ದರು. “ಈ ವರ್ಷ ಎಡ ಅಂಚು, ಹ್ವಾ! ಎಡ ಅಂಚು!” ಕೇರಿಯೆಲ್ಲ ಆ ವರ್ಷ ಹಾಗೇ ಬರುತ್ತಿತ್ತು. ಇವರ ಮಾತು ತಪ್ಪಿ ಯಾರ ದೋಣಿಯೂ ಮಗುಚಿದ್ದಿಲ್ಲ.

ಬೆಳಿಗ್ಗೆ ಬರುವವರಿಗೆ ಇನ್ನೊಂದು ತೊಂದರೆ. ಸೂರ್ಯ ಗುಡ್ಡದ ಕಡೆಯಿಂದ ಕಣ್ಣಿಗೆ ಹೊಡೆಯುತ್ತಾನೆ. ಆಗ ಊರು ಕಾಣುವುದಿಲ್ಲ, ಕಪ್ಪು ಗೆರೆಗಳು ಮಾತ್ರ ಕಾಣುತ್ತವೆ. ಎಡಕ್ಕೆ ಮೊಬೈಲ್ ಟವರಿನ ಗೆರೆ. ಬಲಕ್ಕೆ ಚಿಮಣಿಯ ಗೆರೆ. ಎರಡು ಕಂಡರೆ ಬಲಗಡೆಯದನ್ನು ತಗ್ಗಿಗೆ ತರಬೇಕು. ಎರಡು ಕಾಣದಿದ್ದರೆ ಹೊರಗೇ ನಿಲ್ಲಬೇಕು, ಬಿಸಿಲು ಏರುವವರೆಗೆ. ಇದು ಕೇರಿಯ ಕ್ರಮ.

ಆ ಜಾಗವನ್ನು ಯಾರೋ ಕೊಂಡರು. ಹೋಟೆಲು ಬರುತ್ತದೆ, ಚಿಮಣಿ ಕೆಡವುತ್ತಾರೆ ಎಂದು ಸುದ್ದಿಯಾಯಿತು. ಕೆಲವರು ಅರ್ಜಿ ಕೊಟ್ಟರು, ಹಳೆಯದು ಉಳಿಯಲಿ ಎಂದು. ಏನೂ ಆಗಲಿಲ್ಲ. ದೀಪಾವಳಿ ಕಳೆದ ಮೇಲೆ ಕೆಡವುವುದು ಎಂದರು. ಅದರ ಮೊದಲು ಒಂದು ಭಾನುವಾರ ಹಿರಿಯರೆಲ್ಲ ದೋಣಿಯಲ್ಲಿ ಹೋಗಿ ಬೇರೆ ಗುರ್ತು ನೋಡಿಕೊಳ್ಳುವುದೆಂದು ಇವರೇ ಹೇಳಿದ್ದರು.

*

ಇವರು ದೋಣಿ ಬಿಟ್ಟು ಹೋದ ಮೇಲೆ ನಾನು ಪಾತ್ರೆ ತಿಕ್ಕುತ್ತಿದ್ದೆ. ರಸ್ತೆಯಲ್ಲಿ ಜನ ಓಡುವುದು ಕೇಳಿತು. ಹೋಗಿ ನೋಡಿದರೆ ಚಿಮಣಿಯ ಪಕ್ಕ ಒಂದು ಕ್ರೇನು ನಿಂತಿದೆ. ಅದರ ತುದಿಯ ತೊಟ್ಟಿಲಲ್ಲಿ ಇಬ್ಬರು ಮೇಲೇರಿ ಚಿಮಣಿಯ ಕುತ್ತಿಗೆಗೆ ತಂತಿಹಗ್ಗ ಸುತ್ತುತ್ತಿದ್ದಾರೆ. ಊರೇ ನೆರೆದಿತ್ತು. ಎಲ್ಲರ ಕೈಯಲ್ಲೂ ಮೊಬೈಲು.

ಮಾದೇವ ಭಾವ ಜ್ವರದಲ್ಲೇ ಕಂಬಳಿ ಹೊದ್ದು ಬಂದ. ಅಲ್ಲಿನ ಮೇಲ್ವಿಚಾರಕ ಸಂಜಯ ಎಂಬವನು, ಘಟ್ಟದ ಮೇಲಿನವನು. ಭಾವ ಅವನನ್ನು ಹಿಡಿದ.

“ದೀಪಾವಳಿ ಮೇಲೆ ಅಂದಿದ್ರಲ್ಲ?”

“ಕ್ರೇನ್ ಇವತ್ತು ಸಿಕ್ತು ಅಜ್ಜಾರೆ. ಮುಂದೆ ಸಿಗೋದು ಗ್ಯಾರಂಟಿ ಇಲ್ಲ.”

“ದೋಣಿಯವ್ರು ಹೊರಗಿದ್ದಾರೆ ಮಾರಾಯ.”

“ಹೊರಗಿದ್ರೆ ಒಳ್ಳೇದೇ ಆಯ್ತಲ್ಲ? ಮೈಮೇಲೆ ಬೀಳಲ್ಲ.”

ಸುತ್ತಲಿನವರು ನಕ್ಕರು. ಅವನಿಗೆ ಗೊತ್ತಿರಲಿಲ್ಲ. ನಕ್ಕವರಲ್ಲಿ ಕೆಲವರಿಗೆ ಗೊತ್ತಿತ್ತು.

ಜೆಸಿಬಿ ಎಳೆಯಿತು. ಚಿಮಣಿ ತಕ್ಷಣ ಬೀಳಲಿಲ್ಲ. ನಡುವಿನಲ್ಲಿ ಬಾಗಿ ಯೋಚಿಸಿದಂತೆ ನಿಂತು, ಆಮೇಲೆ ಕುಸಿಯಿತು. ಕೆಂಪು ದೂಳು ಹೊಳೆಯವರೆಗೆ ಹೋಯಿತು. ನನ್ನ ತಲೆಯ ಮೇಲೂ ಕೂತಿತು. ಹಂಚು ಹೊರುವಾಗ ಸಂಜೆ ಮನೆಗೆ ಬಂದು ಕೊಡವಿಕೊಳ್ಳುತ್ತಿದ್ದ ಅದೇ ದೂಳು.

ಹೊರಗಿದ್ದ ದೋಣಿಗಳಿಗೆಲ್ಲ ಕೇರಿಯವರು ಫೋನು ಮಾಡಿದರು. ನಾನೂ ಮಾಡಿದೆ. ಅದು ಮನೆಯ ಮೊಳೆಯಲ್ಲಿ ಕೊಟ್ಟೆಯೊಳಗೆ ಬಡಿದುಕೊಳ್ಳುತ್ತಿದೆ ಎಂದು ಗೊತ್ತಿತ್ತು. ಆದರೂ ಮಾಡಿದೆ. ಆಮೇಲೆ ಓಡಿ ಧಕ್ಕೆಗೆ ಹೋದೆ. ಕೇರಿಯ ವಿನೋದ ಮಶೀನ್ ಬೋಟು ಹೊರಡಿಸುತ್ತಿದ್ದ.

“ತಮಾ, ನಮ್ಮನೆಯವ್ರು ಕಂಡ್ರೆ ಹೇಳೋ, ಚಿಮಣಿ ಬಿತ್ತು ಅಂತ.”

“ಆತು ದೊಡ್ಡಮ್ಮ. ಕಂಡ್ರೆ ಹೇಳ್ತೆ.”

ಮಾದೇವ ಭಾವ ನನಗೆ ಧೈರ್ಯ ಹೇಳಿದ. “ಎಂತ ಹೆದ್ರೂದು ಅತ್ತಿಗೆ? ಬೆಳಿಗ್ಗೆ ಬಂದು ನೋಡ್ತ. ಟವರ್ ಒಂದೇ ಕಾಣ್ತದೆ. ಚಿಮಣಿ ಇಲ್ಲೆ ಅಂದ್ರೆ ಹೊರಗೇ ನಿಲ್ತ. ಈರಂಗೆ ಯಾರು ಹೇಳ್ಕೊಡ್ಬೇಕು? ನಾ ಬೆಳಿಗ್ಗೆ ಚಿಕ್ಕ ದೋಣಿ ತಕಂಡು ಹೋಗಿ ಕರ್ಕಂಬತ್ತೆ.”

ಅದು ಸರಿಯಾದ ಮಾತು. ನನಗೂ ಸರಿ ಎನ್ನಿಸಿತು.

ಮನೆಗೆ ಬರುವ ದಾರಿಯಲ್ಲಿ ಐಸ್ ಪ್ಲಾಂಟಿನ ಹತ್ತಿರದ ಖಾಲಿ ಜಾಗದಲ್ಲಿ ಕ್ರೇನು ಬಂದು ನಿಂತಿತ್ತು. ಕೈ ಮೇಲಕ್ಕೆತ್ತಿಕೊಂಡೇ ಇತ್ತು. ಡ್ರೈವರ್ ಚಹಾ ಕುಡಿಯುತ್ತಿದ್ದ. ನಾನು ಅದರ ನೆರಳು ದಾಟಿ ಬಂದೆ.

*

ಬೆಳಿಗ್ಗೆ ಭಾವ ಚಿಕ್ಕ ದೋಣಿ ತೆಗೆಯುತ್ತಿರುವಾಗಲೇ ಅಳಿವೆಯ ಕಡೆಯಿಂದ ಕೂಗು ಬಂತು.

ತರುವಾಗ ವಿನೋದನ ಬೋಟಿನಲ್ಲಿ ತಂದರು. ರಾತ್ರಿ ಸಮುದ್ರದಲ್ಲಿ ಅವನಿಗೆ ಇವರು ಕಂಡಿರಲಿಲ್ಲ. ಬಲೆಯ ಹಗ್ಗ ಕಾಲಿಗೆ ಸುತ್ತಿಕೊಂಡಿತ್ತು. ದೋಣಿ ದಕ್ಷಿಣದ ಮರಳಿನ ಮೇಲೆ ಮಗುಚಿ ಬಿದ್ದಿತ್ತು. ಒಳ್ಳೆಯ ನೊಗ್ಲಿ ಮೀನು ಸಿಕ್ಕಿತ್ತು ಎಂದು ಯಾರೋ ಹೇಳಿದರು. ನನಗೆ ಅದೇ ನೆನಪಿದೆ. ಬೇರೆಯವರು ಹೇಳಿದ್ದು ನೆನಪಿಲ್ಲ.

ಹೆಣವನ್ನು ಮನೆಗೆ ತರುವಾಗ ಎದುರಿಂದ ಕ್ರೇನು ಬಂತು. ಈಗ ಕೈ ಮಡಚಿಕೊಂಡಿತ್ತು. ಬೇರೆ ಊರಿಗೆ ಹೋಗುತ್ತಿತ್ತು. ಹೆಣ ಕಂಡು ರಸ್ತೆಯ ಬದಿಗೆ ನಿಂತು ದಾರಿ ಬಿಟ್ಟಿತು. ಡ್ರೈವರ್ ತಲೆಯ ಮೇಲಿನ ಟೊಪ್ಪಿ ತೆಗೆದ.

*

ಮರುದಿನದ ಪೇಪರಿನಲ್ಲಿ ಚಿಮಣಿಯ ದೊಡ್ಡ ಫೋಟೋ. ಊರಿನ ಐತಿಹಾಸಿಕ ಗುರುತು ನೆಲಸಮ ಎಂದು ಬರೆದಿದ್ದರು. ಒಳಗಿನ ಪುಟದ ಮೂಲೆಯಲ್ಲಿ ಇವರ ಸುದ್ದಿ. ಆಯತಪ್ಪಿ ದೋಣಿ ಮಗುಚಿ ವೃದ್ಧ ಮೀನುಗಾರ ಸಾವು. ಆ ಸುದ್ದಿ ಒಂದು ಪುಟ, ಈ ಸುದ್ದಿ ಒಂದು ಪುಟ. ಎರಡನ್ನೂ ಸೇರಿಸಿ ಯಾರೂ ಬರೆಯಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಜನ ಒಂದೊಂದು ಹೇಳಿದರು. ಕಣ್ಣಿಗೆ ಪೊರೆ ಬಂದಿತ್ತಂತೆ. ಸ್ವಲ್ಪ ಕುಡಿದಿದ್ದರೇನೋ. ಒಬ್ಬರೇ ಹೋಗಬಾರದಿತ್ತು. ಹನ್ನೆರಡನೇ ದಿನದ ಊಟಕ್ಕೆ ಕೂತಾಗ ವಿನೋದ ಪಕ್ಕದವನಿಗೆ ಹೇಳಿದ. ಮೆಲ್ಲಗೇ ಹೇಳಿದ, ನಾನು ಅನ್ನ ಬಡಿಸುತ್ತಿದ್ದೆ.

“ಟವರ್ ಒಂದೇ ಕಂಡ್ರೆ ನಿಲ್ಬೇಕು. ನಿಲ್ಲದೆ ಬಂದದ್ದು ತಪ್ಪು. ದೊಡ್ಡಪ್ಪ ಗುರ್ತು ಹಾಕೂದ್ ಬಿಟ್ಟು ಸುಮ್ನೆ ಮನೇಲಿ ಕೂರ್ಬೇಕಿತ್ತು. ಇಷ್ಟು ವರ್ಷ ನಮ್ಮ ಪುಣ್ಯ.”

ನಾನು ಅವನ ಎಲೆಗೆ ಅನ್ನ ಹಾಕಿ ಮುಂದೆ ಹೋದೆ.

ಕುಡಿದಿದ್ದರು ಎಂದವರ ಮಾತು ನನಗೆ ತಾಗಲಿಲ್ಲ. ಇದು ತಾಗಿತು. ಯಾಕೆಂದರೆ ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮಾದೇವ ಭಾವನ ಹತ್ತಿರವೂ ಇರಲಿಲ್ಲ. ಅವನು ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ. ಊರಿಗೇ ಗುರ್ತು ಇಟ್ಟುಕೊಟ್ಟವರಿಗೆ ಗುರ್ತು ತಪ್ಪಿದ್ದು ಹೇಗೆ? ಉಳಿದದ್ದೆಲ್ಲ ಬಿಟ್ಟೆ. ದೇವರೇ ಕರೆದ, ಆಯುಷ್ಯ ಇಷ್ಟೇ ಇತ್ತು, ಅದೆಲ್ಲ ಸರಿ. ಇದೊಂದು ನನಗೆ ಬೇಕಿತ್ತು.

ಸುಷ್ಮಾಳನ್ನು ಕೊಟ್ಟದ್ದು ಕುಮಟೆಯ ಹತ್ತಿರ ಮಿರ್ಜಾನಕ್ಕೆ. ಅವಳು ನನ್ನನ್ನು ಕರೆದುಕೊಂಡು ಹೋದಳು. ಮನೆಯಲ್ಲಿ ಎಲ್ಲರೂ ಒಳ್ಳೆಯವರು. ನನ್ನ ಮುಂದೆ ಮೆಲ್ಲಗೆ ಮಾತಾಡುತ್ತಿದ್ದರು. ಟಿವಿಯ ಸದ್ದು ಕಡಿಮೆ ಮಾಡುತ್ತಿದ್ದರು. ನನಗೆ ಜಗಳ ಮಾಡಲು ಅಲ್ಲಿ ಯಾರೂ ಇರಲಿಲ್ಲ.

ಮನಸ್ಸು ಹಗುರಾಗಲಿ ಎಂದು ಒಂದು ಸಂಜೆ ಕೋಟೆಗೆ ಕರೆದೊಯ್ದಳು. ಹುಲ್ಲು ಬೆಳೆಸಿದ್ದಾರೆ. ಬೇಲಿ ಇದೆ, ಬೋರ್ಡಿದೆ, ಕಾಯಲು ಜನ ಇದ್ದಾರೆ. ನಾನು ದಣಿದು ಗೋಡೆಯ ಮೇಲೆ ಕೂತೆ. ಕಾವಲಿನವನು ಬಂದ.

“ಕಲ್ಲಿನ ಮೇಲೆ ಕೂರೂಕಿಲ್ಲ ಅಮ್ಮ. ಹಳೇದು.”

“ಈ ಕಲ್ಲು ಎಂತಕ್ಕೆ ಬೇಕು ತಮಾ?”

“ಜನ ನೋಡೂಕೆ ಬತ್ರಲ್ಲ.”

“ಇದನ್ನ ನೋಡ್ಕಂಡು ಯಾರಾದ್ರೂ ಮನೆಗೆ ಬತ್ರಾ?”

ಅವನಿಗೆ ಅರ್ಥವಾಗಲಿಲ್ಲ. ಮಗಳ ಮುಖ ನೋಡಿದ. ಸುಷ್ಮಾ ನನ್ನ ಕೈ ಹಿಡಿದು “ಬಾ ಅಮ್ಮ, ಹೋಗ್ವ” ಎಂದಳು. ಆ ದಿನ ಮನೆಯವರೆಗೆ ಅವಳು ಕೈ ಬಿಡಲಿಲ್ಲ. ಇಲ್ಲೇ ಇದ್ದುಬಿಡು ಎಂದಳು. ಇರುತ್ತೇನೆ ಎಂದು ನಾನು ಹೇಳಲಿಲ್ಲ.

ಕೆಲವು ದಿನ ಕಳೆದು ಬೆಳಗಿನ ಬಸ್ಸಿಗೆ ಹೊರಟೆ. ಕಿಟಕಿಯ ಪಕ್ಕ ಕೂತಿದ್ದೆ, ಬಿಸಿಲು ಎಡಗಡೆಯಿಂದ ಕಣ್ಣಿಗೆ ಹೊಡೆಯುತ್ತಿತ್ತು. ಮಂಪರು ಹತ್ತಿತ್ತು. ಕಣ್ಣು ಬಿಟ್ಟಾಗ ಬಿಸಿಲಿನ ನಡುವೆ ಒಂದು ಕಪ್ಪು ಗೆರೆ ನೆಟ್ಟಗೆ ನಿಂತಿತ್ತು. ಹೊನ್ನಾವರ ಬಂತು ಎಂದು ನಾನು ಎದ್ದು ನಿಂತೆ. ಚೀಲವನ್ನೂ ಹಿಡಿದುಕೊಂಡೆ.

ಕಂಡಕ್ಟರ್ ನಕ್ಕ. “ಎಲ್ಲಿಗೆ ಹೊರಟ್ರಿ ಅಮ್ಮ? ಕುಮಟಾ ಇನ್ನೂ ಬರ್ಲಿಲ್ಲ.”

ಬಸ್ಸು ಹತ್ತಿರ ಹೋಯಿತು. ಹೈವೇ ಕೆಲಸದವರ ಕ್ರೇನು. ಕೈ ಎತ್ತಿ ನಿಂತಿತ್ತು.

ನಾನು ಕೂತೆ. ಚೀಲವನ್ನು ಮಡಿಲಲ್ಲಿಟ್ಟುಕೊಂಡೆ. ಚಿಮಣಿ ಬಿದ್ದದ್ದು ನನಗೆ ಗೊತ್ತಿತ್ತು. ಅದು ಬೀಳುವಾಗ ನಾನು ಅಲ್ಲೇ ನಿಂತಿದ್ದೆ, ತಲೆಯ ಮೇಲೆ ದೂಳು ಬಿದ್ದಿತ್ತು. ಎಲ್ಲ ಗೊತ್ತಿದ್ದೂ ನಾನು ಎದ್ದು ನಿಂತೆ. ಅವರಿಗೆ ಏನೂ ಗೊತ್ತಿರಲಿಲ್ಲ.

*

ಬಸ್ಸಿಳಿದವಳು ಮನೆಗೆ ಹೋಗದೆ ನೇರ ಮಾದೇವ ಭಾವನ ಅಂಗಳಕ್ಕೆ ಹೋದೆ.

“ಭಾವ, ನನ್ನ ಅಳಿವೆಗೆ ಕರ್ಕಂಡು ಹೋಗು. ಅವ್ರು ಬಂದ ಹೊತ್ತಿಗೇ ಹೋಗ್ಬೇಕು. ಬೆಳಿಗ್ಗೆ.”

“ಹೆಂಗಸ್ರು ಅಳಿವೆ ದಾಟೂದಿಲ್ಲ ಅತ್ತಿಗೆ. ನಮ್ಮಲ್ಲಿ ಕ್ರಮ ಇಲ್ಲೆ. ಕೇರಿಯವ್ರು ಎಂತ ಹೇಳ್ತ್ರು?”

“ಗಂಡ್ಸು ದಾಟಿ ಬರ್ಲಿಲ್ಲಲ್ಲ, ಅದಕ್ಕೆ ಎಂತ ಹೇಳಿದ್ರು? ಕುಡ್ದಿದ್ದ ಅಂದ್ರು. ನಂಗೂ ಏನಾದ್ರೂ ಹೇಳ್ಲಿ.”

ಅವನು ಎದ್ದು ಮಾಡಿನ ಸಂದಿಯಿಂದ ಹುಟ್ಟು ತೆಗೆದ. ಆಮೇಲೆ “ಸೀರೆ ಗಟ್ಟಿ ಕಟ್ಕಂಡು ಬಾ” ಎಂದ.

ಮರುದಿನ ಹೋದೆವು. ಇಷ್ಟು ವರ್ಷ ಮೀನು ಮಾರಿದವಳು, ಸಮುದ್ರದಿಂದ ಊರು ನೋಡಿದ್ದು ಅದೇ ಮೊದಲು. ಭಾವ ದೋಣಿ ತಿರುಗಿಸಿದ. ಸೂರ್ಯ ಗುಡ್ಡ ಬಿಟ್ಟು ಮೇಲೆ ಬಂದಿದ್ದ. ಮನೆ, ಮರ, ಧಕ್ಕೆ ಒಂದೂ ಕಾಣಲಿಲ್ಲ. ಉರಿಯುವ ಬೆಳಕು, ಅದರ ಹಿಂದೆ ಗುಡ್ಡದ ಸಾಲು, ತಗ್ಗು. ಒಂದೇ ಕಪ್ಪು ಗೆರೆ.

“ಅದು ಟವರ್” ಎಂದ ಭಾವ. “ನೋಡು, ಒಂದೇ ಕಾಣ್ತದೆ. ಒಂದೇ ಕಂಡ್ರೆ ಅವ ನಿಲ್ತ ಅತ್ತಿಗೆ. ಅದೇ ನಂಗೆ ಇವತ್ತಿಗೂ...”

“ಐಸ್ ಪ್ಲಾಂಟ್ ಎಲ್ಲಿ?”

“ಎಂತಕ್ಕೆ?”

“ಎಲ್ಲಿ, ಹೇಳು.”

ಕಣ್ಣಿಗೆ ಕೈ ಅಡ್ಡ ಹಿಡಿದು ಹುಡುಕಿ ತೋರಿಸಿದ. ಅದರ ಮಾಡಿನ ಶೀಟು ಮಿಂಚುತ್ತಿತ್ತು. ಟವರಿನಿಂದ ಬಲಕ್ಕೆ. ಚಿಮಣಿ ಇದ್ದ ಜಾಗಕ್ಕಿಂತ ಇನ್ನೂ ಬಲಕ್ಕೆ.

“ಆ ದಿನ ಕ್ರೇನ್ ಅಲ್ಲೇ ನಿಂತಿತ್ತು ಭಾವ. ಬೆಳಿಗ್ಗೆ ಅವ್ರನ್ನ ತರೂವಾಗ್ಲೇ ಅಲ್ಲಿಂದ ಹೊರಟದ್ದು. ಅಲ್ಲಿವರೆಗೂ ಅಲ್ಲೇ ಇತ್ತು. ಕೈ ಎತ್ಕಂಡು.”

ಭಾವ ಹುಟ್ಟು ನೀರಿನಿಂದ ಎತ್ತಿದ. ಹಾಗೇ ಕೂತ.

“ಎರಡು ಗೆರೆ” ಎಂದ.

“ಹ್ಞಾ. ಎರಡು ಗೆರೆ. ಈಗ ಅದನ್ನ ತಗ್ಗಿಗೆ ತಾ.”

ಅವನು ದೋಣಿಯನ್ನು ದಕ್ಷಿಣಕ್ಕೆ ಸರಿಸುತ್ತ ಹೋದ. ಐಸ್ ಪ್ಲಾಂಟಿನ ಮಿಂಚು ಮೆಲ್ಲಗೆ ಜರುಗಿ ಗುಡ್ಡದ ತಗ್ಗಿನ ಕೆಳಗೆ ಬಂದು ಕೂತಿತು. ಆಗ ನಾನು ಮುಂದೆ ನೋಡಿದೆ. ದೋಣಿಯ ಮೂತಿಯ ನೇರಕ್ಕೆ, ಸ್ವಲ್ಪವೇ ದೂರದಲ್ಲಿ, ತೆರೆ ಬಿಳಿಯಾಗಿ ಒಡೆಯುತ್ತಿತ್ತು. ಅಡಿಯಲ್ಲಿ ಮರಳು. ಅವರು ಸಿಕ್ಕಿದ ಜಾಗ.

ಭಾವ ಅತ್ತ. ನಾನು ಅಳಲಿಲ್ಲ. ಅವರು ಸರಿಯಾಗಿಯೇ ಬಂದಿದ್ದರು. ಎರಡು ಗೆರೆ ನೋಡಿದ್ದರು, ಬಲಗಡೆಯದನ್ನು ಹಿಡಿದಿದ್ದರು, ಕೂದಲೆಳೆಯಷ್ಟೂ ತಪ್ಪದೆ ತಗ್ಗಿಗೆ ತಂದಿದ್ದರು. ಅವರು ಬೇರೇನೂ ಮಾಡಬಹುದಾಗಿರಲಿಲ್ಲ.

“ಆತು. ಹೋಗ್ವ” ಎಂದೆ.

*

ಭಾವ ಧಕ್ಕೆಯಲ್ಲಿ ನಿಂತು ಎಲ್ಲರಿಗೂ ಹೇಳಿದ. ಕೆಲವರು ಹೌದೆಂದರು. ಕೆಲವರು ನಾನು ಅಳಿವೆ ದಾಟಿದ್ದನ್ನೇ ಮಾತಾಡಿದರು. ವಿನೋದ ಮನೆಗೆ ಬಂದು ಜಗುಲಿಯಲ್ಲಿ ಕೂತ. ಚಹಾ ಕುಡಿದ. “ಜಿಪಿಎಸ್ ಇದ್ದಿದ್ರೆ ಇದೆಲ್ಲ ಆಗ್ತಿರ್ಲಿಲ್ಲ ದೊಡ್ಡಮ್ಮ” ಎಂದ. ಅದು ಅವನ ತಪ್ಪೊಪ್ಪಿಗೆಯೋ ಏನೋ. ನಾನು ಇನ್ನೊಂದು ಲೋಟ ಚಹಾ ಕೊಟ್ಟೆ.

ಸಂಜಯನ ಹತ್ತಿರವೂ ಹೋದೆ. ಕ್ರೇನಿನ ಮಾತು ಹೇಳಿದೆ. ಅವನ ಮುಖ ಸಣ್ಣಗಾಯಿತು. “ಅದು ಬಾಡಿಗೆ ಕ್ರೇನು ಅಜ್ಜಿ, ನಮ್ಮದಲ್ಲ” ಎಂದ. ಮತ್ತೆ “ನಂಗೆ ಯಾರೂ ಹೇಳ್ಲಿಲ್ಲ” ಎಂದ.

“ಹೇಳಿದ್ರು. ನೀ ತಮಾಷೆ ಮಾಡಿದೆ.”

ನಾನು ಜಗಳಕ್ಕೆ ಹೋದವಳಲ್ಲ. ಚಿಮಣಿಯ ಬುಡದ ಇಟ್ಟಿಗೆಯ ಸುತ್ತು ಇನ್ನೂ ಉಳಿದಿತ್ತು. ಅದರ ನಡುವೆ ಒಂದು ಗಳ ನಿಲ್ಲಿಸಲು ಬಿಡು ಎಂದು ಕೇಳಿದೆ. ಸಣ್ಣ ದೋಣಿಯವರು ಇನ್ನೂ ಇದ್ದಾರೆ, ಅವರಿಗೆ ಗುರ್ತು ಬೇಕು.

“ಸಾಹೇಬ್ರು ಕಂಡ್ರೆ ನನ್ನ ಕೆಲ್ಸ ಹೋಗ್ತದೆ ಅಜ್ಜಿ.”

“ಸಾಹೇಬ್ರು ಎಷ್ಟೊತ್ತಿಗೆ ಬತ್ರು?”

“ಹತ್ತರ ಮೇಲೆ.”

“ದೋಣಿ ಅದಕ್ಕೆ ಮೊದ್ಲೇ ಬತ್ತದೆ.”

ಅವನು ಗೇಟಿನ ಕಡೆ ನೋಡಿದ. ಆಮೇಲೆ “ಇಳಿಸ್ಬಿಡಿ ಆಯ್ತಾ, ಮರೀಬೇಡಿ” ಎಂದ.

ಗಳ ಅವರದೇ, ಅಳಿವೆಗೆ ಚುಚ್ಚುತ್ತಿದ್ದ ಬಿದಿರು. ಬರೀ ಗಳ ಸಮುದ್ರಕ್ಕೆ ಕಾಣುವುದಿಲ್ಲ. ಬಟ್ಟೆ ಕಟ್ಟಿದರೆ ಬೆಳಕಿನಲ್ಲಿ ಕರಗಿಹೋಗುತ್ತದೆ, ಭಾವ ಹೋಗಿ ನೋಡಿ ಬಂದ. ಟವರಿನಂತೆ, ಕ್ರೇನಿನಂತೆ ಬರೀ ಗೆರೆಯೂ ಇರಬಾರದು. ಬೇರೆ ಯಾವುದನ್ನೂ ಅದೆಂದು ತಿಳಿಯುವಂತಿರಬಾರದು. ಕೊನೆಗೆ ನನ್ನ ಮೀನಿನ ಬುಟ್ಟಿಯನ್ನು ಕವುಚಿ ತುದಿಗೆ ಕಟ್ಟಿದೆವು. ಕಪ್ಪಗೆ, ದುಂಡಗೆ, ತಲೆಯ ಹಾಗೆ ಕಂಡಿತು. ಅಷ್ಟು ದುಂಡಗಿನದು ಆ ದಂಡೆಯಲ್ಲಿ ಬೇರೆ ಇಲ್ಲ.

ಅವರ ಹೆಸರಿನಲ್ಲಿ ಕರೆಯಲಿ ಎಂದು ನನಗೆ ಆಸೆಯಿತ್ತು. ಈರನ ಗುರ್ತು ಎಂದು. ಯಾರೂ ಕರೆಯಲಿಲ್ಲ. ಕೇರಿಯವರು ನನ್ನ ಹೆಸರು ಹಿಡಿದು ದುರ್ಗಮ್ಮನ ಬುಟ್ಟಿ ಎನ್ನುತ್ತಾರೆ. “ಬುಟ್ಟಿ ಎಡ ಅಂಚು” ಎನ್ನುತ್ತಾರೆ. ಇರಲಿ.

ಈಗ ಬೆಳಿಗ್ಗೆ ಎದ್ದು ಒಬ್ಬಳಿಗೆ ಚಹಾ ಮಾಡಿ ಕುಡಿಯುತ್ತೇನೆ. ಸಾರಿಗೆ ಹುಳಿ ಕಡಿಮೆಯೇ ಹಾಕುತ್ತೇನೆ, ಕೇಳುವವರಿಲ್ಲ. ಬೆಳಕು ಹರಿಯುವ ಮೊದಲು ಬುಟ್ಟಿ ಹಿಡಿದು ಹೋಗಿ ಗಳದ ತುದಿಗೆ ಕಟ್ಟಿ, ಬುಡವನ್ನು ಇಟ್ಟಿಗೆಯ ಸುತ್ತಿನೊಳಗೆ ಇಳಿಸಿ, ಹಳೆಯ ಹಂಚಿನ ಚೂರುಗಳನ್ನು ಸಂದಿಗೆ ಬಡಿದು ಗಟ್ಟಿ ಮಾಡುತ್ತೇನೆ. ಗಾಳಿ ಜೋರಿದ್ದರೆ ಗಳ ಹಿಡಿದು ನಿಲ್ಲುತ್ತೇನೆ. ಮೊದಲು ಮಶೀನ್ ಬೋಟುಗಳು ಬರುತ್ತವೆ, ಅವಕ್ಕೆ ನಾನು ಬೇಡ. ಆಮೇಲೆ ಸಣ್ಣ ದೋಣಿಗಳು. ಕೊನೆಗೆ ಮಾದೇವ ಭಾವ, ಈಗ ಒಬ್ಬನೇ. ಅವನೂ ಒಳಗೆ ಬಂದ ಮೇಲೆ ಸ್ವಲ್ಪ ಹೊತ್ತು ಬಿಡುತ್ತೇನೆ. ಮತ್ತೆ ಗಳ ಇಳಿಸಿ, ಬುಟ್ಟಿ ಬಿಚ್ಚಿ, ಹೊಳೆಯ ನೀರಿನಲ್ಲಿ ತೊಳೆದು ಮೀನು ತೆಗೆದುಕೊಳ್ಳಲು ಧಕ್ಕೆಗೆ ಹೋಗುತ್ತೇನೆ.